ಗೋಡೆಗೂ ಒಂದು ಉಡುಪು: ದಿಲ್ಲಿಯ ಹಳೆಯ ಕಟ್ಟಡಗಳ ಹೊರಮೈ ಕಥೆ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಕಚೇರಿಗೆ ಹೊರಡುವ ಅವಸರದಲ್ಲಿ ನಾವು ಮೆಟ್ಟಿಲಿಳಿದು ಬರುತ್ತಿದ್ದಾಗ, ಎರಡನೆಯ ಮಹಡಿಯ ಸಜ್ಜಾದಿಂದ ರೊಟ್ಟಿಯ ಹಂಚಿನಷ್ಟು ಅಗಲದ ಗಾರೆಯ ಚಕ್ಕೆಯೊಂದು ಕಳಚಿ ನಮ್ಮ ಸ್ಕೂಟರಿನ ಸೀಟಿನ ಮೇಲೆ ಬಿತ್ತು. ಐದು ನಿಮಿಷ ಮುಂಚೆ ಅದೇ ಸೀಟಿನ ಮೇಲೆ ನೆರೆಮನೆಯ ಮಗು ಕುಳಿತು ಶಾಲೆಯ ಬಸ್ಸಿಗಾಗಿ ಕಾಯುತ್ತಿತ್ತು. ದೇವರು ದೊಡ್ಡವನು ಎಂದು ಎಲ್ಲರೂ ಅಂದೆವು. ದೂರು ಬರೆದೆವು. ಹನ್ನೊಂದು ದಿನಗಳ ನಂತರ ಒಬ್ಬ ಮಿಸ್ತ್ರಿ ಬಂದು ಕರಣೆಯಿಂದ ಸಿಮೆಂಟು ಮೆತ್ತಿ ಹೋದ. ದೀಪಾವಳಿ ಕಳೆಯುವುದರೊಳಗೆ ಆ ತೇಪೆ ತನ್ನ ಸುತ್ತಲಿನ ಇನ್ನಷ್ಟು ಗಾರೆಯನ್ನು ಜೊತೆಗೆ ಕರೆದುಕೊಂಡು ಮತ್ತೆ ನೆಲ ಸೇರಿತು. ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ವಾಸಿಸುವ ನಮ್ಮ ಓದುಗರಿಗೆ ಇದರಲ್ಲಿ ಹೊಸ ಸುದ್ದಿಯೇನೂ ಇಲ್ಲ.

ಆದರೆ ಬಿದ್ದ ಚಕ್ಕೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ನಮಗೆ ಬೇರೊಂದು ಗೋಡೆಯ ನೆನಪಾಯಿತು. ಆ ಗೋಡೆಯ ವಿಷಯವನ್ನು ಮುಂದೆ ಹೇಳುತ್ತೇವೆ. ಸದ್ಯಕ್ಕೆ ಇಷ್ಟು ಹೇಳಿದರೆ ಸಾಕು. ಅಂದಿನಿಂದ ಭಾನುವಾರಗಳಲ್ಲಿ ನಾವು ದಿಲ್ಲಿಯ ಹಳೆಯ ಕಟ್ಟಡಗಳನ್ನು ನೋಡಲು ಹೋದಾಗ ಗುಮ್ಮಟ, ಕಮಾನುಗಳಿಗಿಂತ ಹೆಚ್ಚಾಗಿ ಗೋಡೆಗಳ ಹೊರಮೈಯನ್ನೇ ನೋಡುವ ಅಭ್ಯಾಸ ಮಾಡಿಕೊಂಡೆವು. ಒಂದು ಕಟ್ಟಡ ತನ್ನ ಹೊರಗಿನ ಉಡುಪನ್ನು ಯಾವಾಗ ತೊಟ್ಟಿತು, ಯಾವಾಗ ಕಳೆದುಕೊಂಡಿತು, ಮತ್ತೆ ತೊಡಿಸಿದವರು ಯಾರು, ಸರಿಯಾಗಿ ತೊಡಿಸಿದರೋ ಇಲ್ಲವೋ ಎಂಬುದರಲ್ಲಿ ಈ ಊರಿನ ಏಳು ಶತಮಾನಗಳ ಚರಿತ್ರೆಯೇ ಅಡಗಿದೆ ಎಂದು ನಮಗೆ ತೋರಿತು.

ಮಲೆನಾಡಿನ ತಟ್ಟಿ

ದಿಲ್ಲಿಗೆ ಬರುವ ಮೊದಲು ಒಮ್ಮೆ ನಮ್ಮ ಕಡೆಯ ಮಾತು. ಅಮೆರಿಕಾದಂಥ ದೇಶಗಳಲ್ಲಿ ಮರದ ಮನೆಗಳಿಗೆ ಹೊರಗಡೆ ಹಲಗೆಯನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಹೊದಿಸಿ, ಹಳೆಯದಾದಾಗ ಅದನ್ನು ಬದಲಾಯಿಸುತ್ತಾರೆ ಎಂದು ಕೇಳುತ್ತೇವೆ. ನಮಗೆ ಅದು ಪರದೇಶದ ವಿಷಯವೆನಿಸಬಹುದು. ಆದರೆ ತೀರ್ಥಹಳ್ಳಿ, ಸಾಗರ, ಸಿರಸಿಯ ಕಡೆಯವರಿಗೆ ಗೋಡೆಗೆ ಹೊದಿಕೆ ಹಾಕುವುದು ಹೊಸದಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ದಿಲ್ಲಿಯ ಮಳೆ ಅದರ ಹತ್ತನೆಯ ಒಂದು ಪಾಲಿನಷ್ಟು. ಅಂಥ ಮಳೆಯ ಇರಿಚಲು ಮಣ್ಣಿನ ಗೋಡೆಗೆ ನೇರವಾಗಿ ಹೊಡೆದರೆ ಗೋಡೆ ಉಳಿಯುವುದಿಲ್ಲ. ಆದ್ದರಿಂದ ಮುಂಗಾರು ಹಿಡಿಯುವ ಮುನ್ನ ಅಡಿಕೆ ದಬ್ಬೆಯ ಚೌಕಟ್ಟಿಗೆ ಸೋಗೆಯನ್ನು ಹೆಣೆದು ತಟ್ಟಿ ಮಾಡಿ, ಗಾಳಿಮಳೆ ಬರುವ ದಿಕ್ಕಿನ ಗೋಡೆಗೆ ಕಟ್ಟುತ್ತಿದ್ದರು. ಕರಾವಳಿಯಲ್ಲಿ ಸೋಗೆಯ ಬದಲು ತೆಂಗಿನ ಮಡಲು. ಮಳೆ ಮುಗಿದ ಮೇಲೆ ತಟ್ಟಿಯನ್ನು ಬಿಚ್ಚಿ, ಗೋಡೆಗೆ ಬಿಸಿಲು ತಾಗಿಸಿ, ಕೆಮ್ಮಣ್ಣು ಸಗಣಿ ಬಳಿಯುತ್ತಿದ್ದರು. ಆ ಕೆಂಪು ಗೋಡೆಗಳ ಮೇಲೆಯೇ ದೀವರ ಹೆಣ್ಣುಮಕ್ಕಳು ಅಕ್ಕಿಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುತ್ತಾರೆ.

ಹೊರಮೈ ಎಂಬುದು ಸವೆಯಲೆಂದೇ ಇರುವ ವಸ್ತು, ಅದು ಸವೆದು ಒಳಗಿನ ಗೋಡೆಯನ್ನು ಉಳಿಸುತ್ತದೆ ಎಂಬ ತಿಳುವಳಿಕೆ ಈ ಪದ್ಧತಿಯಲ್ಲಿತ್ತು. ವರ್ಷವರ್ಷವೂ ಅದನ್ನು ಬದಲಾಯಿಸುವುದು ದಂಡವೆಂದು ಯಾರಿಗೂ ಅನಿಸಿರಲಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಬರುವುದಕ್ಕೆಲ್ಲ ಇದೇ ಕೀಲಿಕೈ.

ಸುಣ್ಣದ ರಸಾಯನ

ದಿಲ್ಲಿಯ ಹಳೆಯ ಗೋಡೆಗಳ ಉಡುಪು ಸುಣ್ಣದ್ದು. ಬಿ.ಎಸ್ಸಿ. ಓದಿದ್ದು ಕಡತಗಳ ನಡುವೆ ಮರೆತುಹೋಗಿದ್ದರೂ ಸುಣ್ಣದ ಪಾಠ ಮಾತ್ರ ನಮಗೆ ಇನ್ನೂ ನೆನಪಿದೆ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಶಾಖದಲ್ಲಿ ಸುಟ್ಟರೆ ಅದರಲ್ಲಿರುವ ಇಂಗಾಲದ ಡೈ ಆಕ್ಸೈಡು ಹೊರಟುಹೋಗುತ್ತದೆ. 100 ಕಿಲೋ ಶುದ್ಧ ಕಲ್ಲಿನಿಂದ 44 ಕಿಲೋ ಅನಿಲ ಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅದು ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಕೊಳೆಹಾಕಿ, ಮರಳಿನೊಡನೆಯೋ ಇಟ್ಟಿಗೆಯ ಪುಡಿಯೊಡನೆಯೋ ಅರೆದು ಗೋಡೆಗೆ ಬಳಿದರೆ ಅದು ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮರಳಿ ಕಲ್ಲಾಗುತ್ತದೆ. ಕಲ್ಲು ಸುಣ್ಣವಾಗಿ, ಸುಣ್ಣ ಕಲ್ಲಾಗುವ ಈ ಸುತ್ತು ಪೂರ್ಣವಾಗಲು ತಿಂಗಳುಗಳು, ದಪ್ಪ ಗಾರೆಯಾದರೆ ವರ್ಷಗಳೇ ಬೇಕು.

ಇಟ್ಟಿಗೆಯ ಪುಡಿಗೆ ಈ ಕಡೆ ಸುರ್ಖಿ ಎನ್ನುತ್ತಾರೆ. ಚೆನ್ನಾಗಿ ಬೆಂದ ಜೇಡಿಮಣ್ಣಿನ ಪುಡಿ ಸುಣ್ಣದೊಡನೆ ಸೇರಿ ನೀರಿಗೂ ಜಗ್ಗದ ಗಟ್ಟಿತನ ಕೊಡುತ್ತದೆ. ಅದಕ್ಕೆ ಬೆಲ್ಲ, ಉದ್ದಿನ ಬೇಳೆ, ಬಿಲ್ವದ ಹಣ್ಣಿನ ತಿರುಳು ಹಾಕುವುದು ಉತ್ತರದ ಪದ್ಧತಿ. ಬೆಲ್ಲ ಮತ್ತು ಅಳಲೆಕಾಯಿಯ ನೀರು ಹಾಕುವುದು ನಮ್ಮ ದಕ್ಷಿಣದ ಪದ್ಧತಿ. ನಮ್ಮಲ್ಲಿ ಇದಕ್ಕೆ ಗಚ್ಚುಗಾರೆ ಎಂಬ ಒಳ್ಳೆಯ ಹೆಸರಿದೆ. ಗೋಡೆಗೆ ಬೆಲ್ಲ, ಬೇಳೆ ತಿನ್ನಿಸುತ್ತಾರೆಂದರೆ ಇಂದಿನ ಮಕ್ಕಳು ನಗುತ್ತಾರೆ. ಆದರೆ ಸಕ್ಕರೆಯ ಅಂಶವಿರುವ ನೀರಿನಲ್ಲಿ ಸುಣ್ಣ ಹೆಚ್ಚು ಕರಗುತ್ತದೆ, ಬೇಳೆಯ ಅಂಟು ಗಾರೆಯನ್ನು ಬೇಗ ಒಣಗಿ ಬಿರಿಯದಂತೆ ಹಿಡಿದಿಡುತ್ತದೆ. ಇದರಲ್ಲಿ ನಗುವಂಥದ್ದೇನೂ ಇಲ್ಲ.

ತುಘಲಕರಿಂದ ಮೊಗಲರವರೆಗೆ

ದಿಲ್ಲಿಯ ಬೆಟ್ಟಸಾಲಿನ ಕಲ್ಲು ಬಹಳ ಗಡಸು. ಒಡೆಯಬಹುದು, ಆದರೆ ನಯವಾಗಿ ಕೆತ್ತುವುದು ಕಷ್ಟ. ಫಿರೋಜ್ ಷಾ ತುಘಲಕ್ (ಆಳ್ವಿಕೆ 1351-1388) ಕಟ್ಟಿಸಿದ ಅಸಂಖ್ಯಾತ ಕಟ್ಟಡಗಳಲ್ಲಿ ಇಂಥ ಒರಟು ಕಲ್ಲುಗಳನ್ನು ಸುಣ್ಣದಲ್ಲಿ ಕೂಡಿಸಿ, ಮೇಲೆ ದಪ್ಪನೆಯ ಗಚ್ಚು ಹೊದಿಸಿದ್ದಾರೆ. ಹೌಜ್ ಖಾಸ್‌ನ ಮದರಸಾ, ಖಿಡ್ಕಿ ಮಸೀದಿ ಇವನ್ನು ನೋಡಲು ಹೋದವರು ಕಪ್ಪಾದ ಒರಟು ಗೋಡೆ ಕಂಡು, ತುಘಲಕರಿಗೆ ಸೌಂದರ್ಯದೃಷ್ಟಿಯೇ ಇರಲಿಲ್ಲವೆಂದು ತೀರ್ಮಾನಿಸುತ್ತಾರೆ. ಅವರು ನೋಡುತ್ತಿರುವುದು ಬಟ್ಟೆ ಕಳೆದುಕೊಂಡ ಮೈಯನ್ನು. ಕಟ್ಟಿದಾಗ ಆ ಗೋಡೆಗಳು ಬೆಳ್ಳಗೆ ನುಣುಪಾಗಿದ್ದವು.

ಇದೇ ಫಿರೋಜ್ ಷಾ ಹಳೆಯ ಕಟ್ಟಡಗಳ ದುರಸ್ತಿಯಲ್ಲೂ ಆಸಕ್ತನಾಗಿದ್ದನೆಂಬುದು ಗಮನಾರ್ಹ. 1368ರಲ್ಲಿ ಸಿಡಿಲು ಹೊಡೆದು ಕುತುಬ್ ಮಿನಾರಿನ ಮೇಲ್ಭಾಗ ಹಾಳಾದಾಗ ಅದನ್ನು ಸರಿಪಡಿಸಿದವನು ಅವನು. ಹಳೆಯದಕ್ಕೆ ಹೊಸ ಹೊರಮೈ ಕೊಟ್ಟಾಗ ಏನಾಗುತ್ತದೆಂಬುದನ್ನು ಮಿನಾರಿನ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದರೆ ತಿಳಿಯುತ್ತದೆ. ಕೆಳಗಿನ ಮೂರು ಅಂತಸ್ತುಗಳು ಕೆಂಪು ಮರಳುಗಲ್ಲಿನವು, ಮೇಲಿನ ಎರಡರಲ್ಲಿ ಬಿಳಿಯ ಅಮೃತಶಿಲೆ ಎದ್ದು ಕಾಣುತ್ತದೆ. ಹೊಸದನ್ನು ಹಳೆಯದರಂತೆ ನಟಿಸುವಂತೆ ಅವನು ಮಾಡಲಿಲ್ಲ.

ಮೊಗಲರ ಕಾಲಕ್ಕೆ ಕಲ್ಲೇ ಉಡುಪಾಯಿತು. 1560ರ ದಶಕದಲ್ಲಿ ಕಟ್ಟಲು ಆರಂಭಿಸಿದ ಹುಮಾಯೂನನ ಗೋರಿಯ ಒಳಮೈ ಒರಟುಗಲ್ಲಿನದೇ. ಹೊರಗೆ ಕಾಣುವ ಕೆಂಪು ಕಲ್ಲು, ಬಿಳಿಯ ಗುಮ್ಮಟ ಎರಡೂ ಹೊದಿಕೆ. 1639ರಲ್ಲಿ ಷಾಜಹಾನ್ ಆರಂಭಿಸಿದ ಕೆಂಪು ಕೋಟೆಯಲ್ಲಿ ಇದಕ್ಕೆ ತಿರುವುಮುರುವಾದ ವಿಚಿತ್ರ. ಅಲ್ಲಿಯ ದಿವಾನ್-ಎ-ಆಮ್ ಕೆಂಪು ಕಲ್ಲಿನದು. ಆದರೆ ಆ ಕಲ್ಲನ್ನೂ ಬರಿದಾಗಿ ಬಿಡದೆ, ದಂತದಂತೆ ಹೊಳೆಯುವ ಬಿಳಿಯ ಸುಣ್ಣದ ಗಾರೆ ಬಳಿದು ಚಿನ್ನದ ಬಣ್ಣದ ಕೆಲಸ ಮಾಡಿದ್ದರು. ಆ ಗಾರೆ ಹೋಗಿ ಕಾಲವಾಯಿತು. ಇಂದು ಅದರ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳುವ ಸಾವಿರಾರು ಜನ ಅದು ಮೊದಲಿನಿಂದಲೂ ಕೆಂಪಾಗಿತ್ತೆಂದೇ ನಂಬುತ್ತಾರೆ.

ಒಂದು ಗೋರಿಯ ಬಟ್ಟೆ ಇನ್ನೊಂದಕ್ಕೆ

ಹೊರಮೈಯ ಚರಿತ್ರೆಯಲ್ಲಿ ಅತ್ಯಂತ ದಾರುಣವಾದ ಅಧ್ಯಾಯ ನಿಜಾಮುದ್ದೀನಿನ ಬಳಿ ಮಥುರಾ ರಸ್ತೆಯ ಪಕ್ಕದಲ್ಲೇ ಇದೆ. ಅಕ್ಬರನ ಆಸ್ಥಾನದ ಸೇನಾನಿಯೂ ಹಿಂದಿ ದೋಹೆಗಳಿಂದ ಪ್ರಸಿದ್ಧನಾದ ಕವಿಯೂ ಆದ ಅಬ್ದುಲ್ ರಹೀಮ್ ಖಾನ್-ಎ-ಖಾನಾನ್ 1598ರಲ್ಲಿ ತನ್ನ ಹೆಂಡತಿಗಾಗಿ ಅಲ್ಲಿ ಗೋರಿಯೊಂದನ್ನು ಕಟ್ಟಿಸಿದ. ತಾಜಮಹಲಿಗಿಂತ ಮುಂಚೆ ಹೆಂಡತಿಗಾಗಿ ಎದ್ದ ದೊಡ್ಡ ಗೋರಿ ಅದು. 1627ರಲ್ಲಿ ರಹೀಮನನ್ನೂ ಅಲ್ಲಿಯೇ ಹೂಳಿದರು. ಶಾಲೆಯಲ್ಲಿ ಹಿಂದಿ ಓದಿದ ಕನ್ನಡಿಗರಲ್ಲಿ ರಹೀಮನ ಎರಡು ಸಾಲು ಬಾಯಿಪಾಠ ಮಾಡದವರು ವಿರಳ.

ಸುಮಾರು ಒಂದೂವರೆ ಶತಮಾನದ ನಂತರ, 1753-54ರಲ್ಲಿ, ಅವಧದ ನವಾಬ ಸಫ್ದರ್‌ಜಂಗನಿಗೆ ಗೋರಿ ಕಟ್ಟಬೇಕಾಯಿತು. ಮೊಗಲ್ ಸಾಮ್ರಾಜ್ಯದ ಬೊಕ್ಕಸ ಬರಿದಾಗಿದ್ದ ಕಾಲ. ಗಣಿಯಿಂದ ಕಲ್ಲು ತರಿಸುವ ಶಕ್ತಿಯಿಲ್ಲ. ರಹೀಮನ ಗೋರಿಯ ಮೈಮೇಲಿದ್ದ ಅಮೃತಶಿಲೆ, ಮರಳುಗಲ್ಲುಗಳನ್ನು ಕಿತ್ತು ಒಯ್ದರು. ಎರಡೂವರೆ ಶತಮಾನಕ್ಕೂ ಹೆಚ್ಚು ಕಾಲ ರಹೀಮನ ಗೋರಿ ಚರ್ಮ ಸುಲಿದಂತೆ ನಿಂತಿತ್ತು. ನಮ್ಮ ಪೈಕಿ ಹಿರಿಯರು ಮಥುರಾ ರಸ್ತೆಯ ಬಸ್ಸಿನಿಂದ ದಿನವೂ ಅದನ್ನು ಕಂಡವರು. ಒಡೆದ ಗುಮ್ಮಟ ಯಾರದ್ದೆಂದು ಕೇಳಿದವರು ಕಡಿಮೆ.

ಕಲ್ಲಿನ ಹೊದಿಕೆ ಕಿತ್ತರೆ ಹೋಗುವುದು ಅಂದ ಮಾತ್ರವಲ್ಲ. ಒಳಗಿನ ಒರಟುಗಲ್ಲಿನ ಸಂದುಗಳಿಗೆ ನೀರು ಇಳಿಯುತ್ತದೆ, ಸುಣ್ಣ ಕರಗುತ್ತದೆ, ಗಿಡದ ಬೇರು ಹೊಗುತ್ತದೆ, ಗೋಡೆ ಬಿರಿಯುತ್ತದೆ. 2014ರಿಂದ ಆಗಾ ಖಾನ್ ಸಾಂಸ್ಕೃತಿಕ ನ್ಯಾಸವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಜೊತೆ ಕೆಲಸ ಮಾಡಿ, ಬಿರಿದ ಗೋಡೆ ಕಮಾನುಗಳನ್ನು ಕೂಡಿಸಿ, 2020ರ ಡಿಸೆಂಬರಿನಲ್ಲಿ ಗೋರಿಯನ್ನು ಮತ್ತೆ ಜನರಿಗೆ ತೆರೆಯಿತು. ಗುಮ್ಮಟಕ್ಕೆ ಅಮೃತಶಿಲೆಯನ್ನು ಪೂರ್ತಿ ಹೊದಿಸದೆ ಒಂದು ಭಾಗಕ್ಕೆ ಮಾತ್ರ ಹೊದಿಸಿದ್ದಾರೆ. ಹಿಂದೆ ಹೇಗಿತ್ತೆಂಬುದೂ, ಲೂಟಿಯಾಗಿತ್ತೆಂಬುದೂ ಎರಡೂ ನೋಡಿದವರಿಗೆ ತಿಳಿಯುತ್ತದೆ. ಇದು ವಿವೇಕದ ನಡೆ ಎಂದು ನಮಗೆ ಅನಿಸುತ್ತದೆ.

ನಮ್ಮ ನಾಡಿನಲ್ಲೂ ಇಂಥದೊಂದು ಅರ್ಧ ಉಡುಪಿನ ಕಟ್ಟಡವಿದೆ. ಬೀದರಿನಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗವೆಲ್ಲ ಪರ್ಷಿಯಾದ ಮಾದರಿಯ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಮೆರುಗಿನ ಬಿಲ್ಲೆಗಳಿಂದ ಮುಚ್ಚಿತ್ತು. 1696ರ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗವೂ ಎರಡು ಮಿನಾರುಗಳಲ್ಲಿ ಒಂದೂ ಹೋದವು. ಉಳಿದ ಮಿನಾರಿನ ಮೇಲೂ ಗೋಡೆಯ ಮೇಲೂ ಅಲ್ಲಲ್ಲಿ ಅಂಟಿಕೊಂಡಿರುವ ಬಿಲ್ಲೆಗಳು ಬೆಳಗಿನ ಬಿಸಿಲಿಗೆ ಇಂದಿಗೂ ಹೊಳೆಯುತ್ತವೆ. ಬೀದರಿಗೆ ಹೋದ ದಿಲ್ಲಿ ಕನ್ನಡಿಗರು ಕೋಟೆ ನೋಡಿ ಬಿದರಿ ಹೂದಾನಿ ಕೊಂಡು ಹಿಂತಿರುಗದೆ ಈ ಗೋಡೆಯ ಮುಂದೆಯೂ ಅರ್ಧ ಗಂಟೆ ನಿಲ್ಲಬೇಕು.

ಸಿಮೆಂಟಿನ ಕಾಲ

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಎಂಬ ಗಾರೆ ಕೆಲಸದವನು ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. 1914ರಲ್ಲಿ ಪೋರಬಂದರಿನಲ್ಲಿ ಸಿಮೆಂಟು ತಯಾರಾಗತೊಡಗಿತು. ಸುಣ್ಣ ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಸಿಮೆಂಟು ದಿನಗಳಲ್ಲಿ ಮುಗಿಸುತ್ತದೆ. ಕೊಳೆಹಾಕುವುದಿಲ್ಲ, ಅರೆಯುವುದಿಲ್ಲ, ಕಾಯುವುದಿಲ್ಲ. ಸುಣ್ಣದ ಗಾಣಗಳು ಒಂದೊಂದಾಗಿ ನಿಂತವು, ಅದರ ಜೊತೆಗೆ ಗಾರೆಯ ಹದ ಬಲ್ಲ ಕೈಗಳೂ. ಹೊಸ ಕಟ್ಟಡಕ್ಕೆ ಸಿಮೆಂಟು ಉಪಕಾರಿಯೇ. ತೊಂದರೆ ಬಂದದ್ದು ಹಳೆಯ ಗೋಡೆಗಳಿಗೆ ಅದನ್ನು ಹೊದಿಸಿದಾಗ.

ಕಾರಣ ಸರಳ. ಹಳೆಯ ಗೋಡೆ ನೆಲದಿಂದ ನೀರನ್ನು ಬತ್ತಿಯಂತೆ ಹೀರುತ್ತದೆ. ಸುಣ್ಣದ ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಆ ತೇವ ಹೊರಗೆ ಆರಿಹೋಗುತ್ತದೆ. ನೀರಿನಲ್ಲಿ ಕರಗಿ ಬಂದ ಉಪ್ಪು ಗಾರೆಯ ಹೊರಮೈಯಲ್ಲೇ ಹರಳುಗಟ್ಟಿ ಗಾರೆಯನ್ನು ತಿನ್ನುತ್ತದೆ, ಗೋಡೆ ಉಳಿಯುತ್ತದೆ. ಸಿಮೆಂಟಿನ ಪದರ ಈ ಉಸಿರನ್ನು ಕಟ್ಟುತ್ತದೆ. ಎಲ್ಲಿಯಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಮಳೆನೀರು ಒಳಹೊಕ್ಕು ಹೊರಬರಲಾರದೆ ನಿಲ್ಲುತ್ತದೆ. ಉಪ್ಪು ಪದರದ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ನಮ್ಮಲ್ಲಿ ಚೌಳು ಹಿಡಿಯುವುದು ಎನ್ನುವುದು ಇದಕ್ಕೇ. ಹೊರಗಿನಿಂದ ಗೋಡೆ ಗಟ್ಟಿಯಾಗಿ ಕಾಣುತ್ತಿರುವಾಗಲೇ ಒಳಗೆ ಮಣ್ಣಾಗಿರುತ್ತದೆ. ಹೊರಗೆ ಥಳಕು, ಒಳಗೆ ಹುಳುಕು. ಉಡುಪು ಮೈಗಿಂತ ಮೆದುವಾಗಿರಬೇಕು ಎಂಬ ನಿಯಮವನ್ನು ಮುರಿದುದರ ಫಲ ಇದು.

ನಮ್ಮ ಕ್ವಾರ್ಟರ್ಸಿನ ಸಜ್ಜಾದ ಕಾಯಿಲೆ ಮಾತ್ರ ಇದಲ್ಲ ಎಂದು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಕಬ್ಬಿಣದ ಸರಳಿರುವ ಕಾಂಕ್ರೀಟಿನದು. ಸುಣ್ಣವನ್ನು ಗಟ್ಟಿಮಾಡುವ ಅದೇ ಇಂಗಾಲದ ಡೈ ಆಕ್ಸೈಡು ವರ್ಷಗಳ ಕಾಲ ಕಾಂಕ್ರೀಟಿನೊಳಗೆ ನುಸುಳಿ ಅದರ ಕ್ಷಾರಗುಣವನ್ನು ತಗ್ಗಿಸುತ್ತದೆ. ಕ್ಷಾರದ ಕಾವಲು ಹೋದ ಸರಳಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪದರವನ್ನು ಒದ್ದು ಕೆಡವುತ್ತದೆ. ಸುಣ್ಣಕ್ಕೆ ಅಮೃತವಾದದ್ದು ಸರಳಿಗೆ ವಿಷ. ತುಕ್ಕನ್ನು ಕೆರೆದು ತೆಗೆಯದೆ ಮೇಲೆ ಮೆತ್ತಿದ ತೇಪೆ ಎಷ್ಟು ಸಲ ಮೆತ್ತಿದರೂ ಬೀಳಲೇಬೇಕು. ಕಾಯಿಲೆ ಬೇರೆಯಾದರೂ ತಪ್ಪು ಒಂದೇ. ಒಳಗೇನಾಗಿದೆಯೆಂದು ನೋಡದೆ ಹೊರಗೆ ಬಳಿಯುವುದು.

ಹತ್ತು ಲಕ್ಷ ಕಿಲೋ ಭಾರ

ಈ ತಪ್ಪಿನ ಅತಿ ದೊಡ್ಡ ಉದಾಹರಣೆ ಹುಮಾಯೂನನ ಗೋರಿಯೇ. ಇಪ್ಪತ್ತನೆಯ ಶತಮಾನದ ದುರಸ್ತಿಗಳಲ್ಲಿ ಅದರ ಮಾಳಿಗೆಯ ಮೇಲೆ ನೀರು ಸೋರದಿರಲೆಂದು ಕಾಂಕ್ರೀಟಿನ ಪದರದ ಮೇಲೆ ಪದರ ಹಾಕುತ್ತ ಬಂದರು. ಕಮಾನು, ಗೂಡುಗಳಿಗೆ ಸಿಮೆಂಟು ಗಾರೆ ಬಳಿದರು. ಕೆಳಜಗುಲಿಗೂ ಕಾಂಕ್ರೀಟು ಸುರಿದರು. ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಆ ಕಾಲಕ್ಕೆ ಸಿಮೆಂಟೇ ಸರ್ವರೋಗಕ್ಕೂ ಮದ್ದು. 1993ರಲ್ಲಿ ಗೋರಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2007ರಿಂದ 2013ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಮಾಳಿಗೆಯ ಮೇಲಿನಿಂದ ತೆಗೆದ ಕಾಂಕ್ರೀಟಿನ ತೂಕ ಸುಮಾರು 10 ಲಕ್ಷ ಕಿಲೋಗ್ರಾಂ. ಯಂತ್ರದ ಅದುರಾಟ ಹಳೆಯ ಕಮಾನುಗಳಿಗೆ ಒಗ್ಗದ ಕಾರಣ ಕೈಯಿಂದಲೇ ಒಡೆದು ಇಳಿಸಿದರು. ಸಿಮೆಂಟು ಗಾರೆಯನ್ನು ಕಿತ್ತು ಸುಣ್ಣದ ಗಾರೆ ಹಾಕಿದರು. ಜಗುಲಿಯ ಕಾಂಕ್ರೀಟನ್ನು ತೆಗೆದು ದೊಡ್ಡ ದೊಡ್ಡ ಕಲ್ಲುಗಳನ್ನು ಮತ್ತೆ ಹಾಸಿದರು. ಮಾಳಿಗೆಯ ಛತ್ರಿಗಳ ಮೇಲಿನ ಬಣ್ಣದ ಬಿಲ್ಲೆಗಳ ಕಲೆ ಇಲ್ಲಿ ಅಳಿದುಹೋಗಿತ್ತು. ಉಜ್ಬೆಕಿಸ್ತಾನದ ಕುಶಲಕರ್ಮಿಗಳು ಬಂದು ಪಕ್ಕದ ನಿಜಾಮುದ್ದೀನ್ ಬಸ್ತಿಯ ಹುಡುಗರಿಗೆ ಅದನ್ನು ಕಲಿಸಿದರು. 2013ರ ಸೆಪ್ಟೆಂಬರಿನಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಅವರು ಮುಗಿದ ಕೆಲಸವನ್ನು ಲೋಕಾರ್ಪಣ ಮಾಡಿದರು.

ಈ ಕೆಲಸದಲ್ಲಿ ದುಡಿದಿದ್ದೆನೆಂದು ಹೇಳಿದ ಒಬ್ಬ ವಯಸ್ಸಾದ ಮಿಸ್ತ್ರಿ ನಮ್ಮ ಕಾಲೊನಿಯ ಬಳಿ ಖಾಸಗಿ ಮನೆಯೊಂದರ ಕೆಲಸಕ್ಕೆ ಬಂದಿದ್ದಾಗ ಚಹಾದಂಗಡಿಯಲ್ಲಿ ಸಿಕ್ಕಿದ್ದ. ಸಿಮೆಂಟು ಗಾರೆಯನ್ನು ಕೀಳುವಾಗ ಏನು ಕಂಡಿರಿ ಎಂದು ಕೇಳಿದೆವು. "ಬಾಬೂಜಿ, ಸಿಮೆಂಟು ಸುಲಭವಾಗಿ ಬರಲಿಲ್ಲ. ಬಂದಾಗ ಹಳೆಯ ಗೋಡೆಯ ಮೈಯನ್ನೂ ಅಂಟಿಸಿಕೊಂಡು ಬಂತು. ಸುಣ್ಣವಾದರೆ ಬಿಡು ಎಂದಾಗ ಬಿಡುತ್ತದೆ" ಎಂದ. ನಮ್ಮ ಪಠ್ಯಪುಸ್ತಕದಲ್ಲಿ ಎರಡು ಪುಟ ಹಿಡಿದ ವಿಷಯ ಅವನ ಮಾತಿನಲ್ಲಿತ್ತು.

ಹೊಸ ಉಡುಪು ಎಷ್ಟು ಹೊಸದಿರಬೇಕು?

ಇಲ್ಲೊಂದು ವಾದವಿದೆ, ಅದನ್ನು ಮುಚ್ಚಿಡಬಾರದು. ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಜಾನ್ ಮಾರ್ಷಲ್ 1923ರ ತಮ್ಮ ಸಂರಕ್ಷಣಾ ಕೈಪಿಡಿಯಲ್ಲಿ ಹಳೆಯದನ್ನು ಇದ್ದಂತೆ ಕಾಪಾಡುವುದೇ ಮುಖ್ಯ, ನವೀಕರಣವಲ್ಲ ಎಂಬ ಧೋರಣೆಯನ್ನು ಹಾಕಿಕೊಟ್ಟರು. ಕಾಲ ಮಾಡಿದ ಗಾಯವೂ ಚರಿತ್ರೆಯೇ ಎಂಬುದು ಅದರ ತಾತ್ಪರ್ಯ. ಇನ್ನೊಂದು ಪಕ್ಷದವರು, ನಮ್ಮ ದೇಶದಲ್ಲಿ ಗಾರೆಯವರು, ಕಲ್ಲುಕುಟಿಗರು ಇನ್ನೂ ಬದುಕಿದ್ದಾರೆ, ಅವರ ಕೈಗೆ ಕೆಲಸ ಕೊಟ್ಟರೆ ಕಟ್ಟಡವೂ ಉಳಿಯುತ್ತದೆ, ವಿದ್ಯೆಯೂ ಉಳಿಯುತ್ತದೆ ಎನ್ನುತ್ತಾರೆ. 2014ರ ರಾಷ್ಟ್ರೀಯ ಸಂರಕ್ಷಣಾ ನೀತಿ ಪರಂಪರೆಯ ಕುಶಲಕರ್ಮಿಗಳಿಗೆ ಮನ್ನಣೆ ಕೊಟ್ಟಿದೆ.

ಹುಮಾಯೂನ್ ಗೋರಿಗೆ ಹೋಗುವ ವೃತ್ತದ ನಡುವೆ ಇರುವ ಸಬ್ಜ್ ಬುರ್ಜ್ ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಸಬ್ಜ್ ಎಂದರೆ ಹಸಿರು. ಆದರೆ ಜನ ಅದನ್ನು ನೀಲಿ ಛತ್ರಿ ಎಂದೂ ಕರೆಯುತ್ತಾರೆ. ಗುಮ್ಮಟದ ಬಿಲ್ಲೆಗಳು ನೀಲಿ, ಕೊರಳಿನವು ಹಸಿರು ಛಾಯೆಯವು. ಬ್ರಿಟಿಷರ ಕಾಲದಲ್ಲಿ ಅದು ಪೊಲೀಸ್ ಠಾಣೆಯೂ ಆಗಿತ್ತು. ಇತ್ತೀಚಿನ ದುರಸ್ತಿಯಲ್ಲಿ ಒಳಛಾವಣಿಯ ಸುಣ್ಣ, ಮಸಿಗಳ ಪದರಗಳನ್ನು ಬಿಡಿಸಿದಾಗ ಕೆಳಗೆ ನೀಲಿ, ಚಿನ್ನದ ಬಣ್ಣದ ಚಿತ್ತಾರ ಹೊರಬಂತು. ಹೊರಗೆ ಹೊಸ ಬಿಲ್ಲೆ ಕಂಡು ಹುಬ್ಬೇರಿಸಿದವರೂ ಒಳಗಿನ ಚಿತ್ತಾರ ಕಂಡು ಮೌನವಾದರೆಂದು ನಮ್ಮ ಊಹೆ.

ಈಗಿನ ಉಡುಪುಗಳು

ಹೊಸದಿಲ್ಲಿಯ ಸೌಧಗಳ ಉಡುಪು ಬಹುಮಟ್ಟಿಗೆ ರಾಜಸ್ಥಾನದ ಧೋಲಪುರದ ಕಡೆಯ ಮರಳುಗಲ್ಲು. 2023ರ ಮೇ 28ರಂದು ಉದ್ಘಾಟನೆಯಾದ ಹೊಸ ಸಂಸತ್ ಭವನಕ್ಕೂ ಅದೇ ಸೀಮೆಯ ಸರಮಥುರಾದ ಕಲ್ಲು ಬಂತು. 1956ರಲ್ಲಿ ಮುಗಿದ ನಮ್ಮ ವಿಧಾನಸೌಧದ ಕಣಶಿಲೆಯನ್ನು ನೆನೆದಾಗ ಕನ್ನಡಿಗರಿಗೆ ಸ್ವಲ್ಪ ಜಂಬ ಬಂದರೆ ತಪ್ಪಲ್ಲ. 1940ರ ದಶಕದ ಲೋದಿ ಕಾಲೊನಿಯ ಸರ್ಕಾರಿ ವಸತಿಗಳ ಗೋಡೆಗಳಿಗೆ 2015ರಿಂದೀಚೆಗೆ ದೇಶವಿದೇಶದ ಕಲಾವಿದರು ಚಿತ್ರ ಬರೆದು ಇನ್ನೊಂದು ಬಗೆಯ ಉಡುಪು ಕೊಟ್ಟಿದ್ದಾರೆ. ಗುಮಾಸ್ತರ ಮನೆಗಳನ್ನು ನೋಡಲು ಜನ ಬರುತ್ತಾರೆಂದರೆ ಅದೊಂದು ಪವಾಡವೇ ಸರಿ.

ಗುರುಗ್ರಾಮ, ನೋಯಿಡಾಗಳಲ್ಲಿ ಅಲ್ಯೂಮಿನಿಯಮ್ ಹಾಳೆಯ ಹೊದಿಕೆ ಬಂದಿದೆ. ಎರಡು ಹಾಳೆಗಳ ನಡುವೆ ಪ್ಲಾಸ್ಟಿಕಿನ ತಿರುಳಿರುವ ಜಾತಿಯೂ ಇದರಲ್ಲುಂಟು. ಲಂಡನ್ನಿನ ಗ್ರೆನ್‌ಫೆಲ್ ಟವರ್ 1974ರ 24 ಅಂತಸ್ತಿನ ಕಟ್ಟಡ. ಹಳತಾಯಿತೆಂದು 2016ರಲ್ಲಿ ಅದಕ್ಕೆ ಇಂಥ ಹೊಸ ಹೊದಿಕೆ ಹಾಕಿ ಮುಗಿಸಿದರು. 2017ರ ಜೂನ್ 14ರಂದು ಒಂದು ಅಡಿಗೆಮನೆಯಲ್ಲಿ ಹತ್ತಿದ ಬೆಂಕಿ ಆ ಹೊದಿಕೆಯನ್ನೇ ಏಣಿಯಾಗಿ ಮಾಡಿಕೊಂಡು ಮೇಲೇರಿತು. 72 ಜನ ಸತ್ತರು. ಹಳೆಯ ಮನೆಗೆ ಹೊಸ ಉಡುಪು ತೊಡಿಸುವುದು ಬರೀ ಅಂದಚಂದದ ಮಾತಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಇನ್ನು ಉಡುಪೂ ಬೇಡ, ಮೈಯೂ ಬೇಡ ಎಂಬ ಮಾರ್ಗವೊಂದಿದೆ. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾದ ಏಳು ಸರ್ಕಾರಿ ಕಾಲೊನಿಗಳನ್ನು ಹೊಸದಾಗಿ ಕಟ್ಟಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮರಗಳ ವಿಷಯದಲ್ಲಿ 2018ರಲ್ಲಿ ನ್ಯಾಯಾಲಯದವರೆಗೂ ಹೋದದ್ದು ಎಲ್ಲರಿಗೂ ತಿಳಿದದ್ದೇ. ಆ ಕಾಲೊನಿಗಳ ಅಂಗಳಗಳಲ್ಲಿ ಸಂಕ್ರಾಂತಿಯ ಎಳ್ಳು ಬೀರಿದ ಕನ್ನಡದ ಮನೆಗಳೆಷ್ಟೋ.

ಆ ಇನ್ನೊಂದು ಗೋಡೆ

ಮೊದಲಲ್ಲಿ ಹೇಳುತ್ತೇವೆಂದ ಗೋಡೆಯ ವಿಷಯ ಉಳಿಯಿತು. ತೀರ್ಥಹಳ್ಳಿ ಸೀಮೆಯಲ್ಲಿರುವ ನಮ್ಮ ತಂದೆಯವರ ಮನೆಯ ಗೋಡೆಗಳು ಅಜ್ಜ ಹಾಕಿಸಿದ ಮಣ್ಣಿನ ಗೋಡೆಗಳು. 2010ರಲ್ಲಿ, ವರ್ಷವರ್ಷವೂ ತಟ್ಟಿ ಕಟ್ಟುವ, ಕೆಮ್ಮಣ್ಣು ಬಳಿಯುವ ಕಷ್ಟ ಮುದಿ ತಂದೆತಾಯಿಗಳಿಗೆ ಬೇಡವೆಂದು ನಾವು ಭವಿಷ್ಯನಿಧಿಯಿಂದ ಹಣ ತೆಗೆದು ನಾಲ್ಕೂ ಗೋಡೆಗಳಿಗೆ ಹೊರಗಿನಿಂದ ಸಿಮೆಂಟು ಗಾರೆ ಮಾಡಿಸಿದೆವು. ತಂದೆಯವರಿಗೆ ಮನಸ್ಸಿರಲಿಲ್ಲ. "ಮಣ್ಣಿಗೆ ಸಿಮೆಂಟು ಹಿಡಿಯುತ್ತದೆಯೇನೋ?" ಎಂದು ಒಮ್ಮೆ ಕೇಳಿದರು. ವಿಜ್ಞಾನ ಓದಿದ ಮಗ ದಿಲ್ಲಿಯಿಂದ ಹಣ ಕಳಿಸಿದಾಗ ಹಳ್ಳಿಯ ತಂದೆ ಎರಡನೆಯ ಸಲ ಕೇಳುವುದಿಲ್ಲ. ಮನೆ ಬೆಳ್ಳಗಾಯಿತು, ನೆಂಟರು ಹೊಗಳಿದರು, ತಟ್ಟಿಯ ದಬ್ಬೆಗಳು ಬಚ್ಚಲೊಲೆಗೆ ಹೋದವು.

2019ರ ಆಗಸ್ಟಿನ ಮಳೆಯಲ್ಲಿ ಪಡುವಣ ಗೋಡೆ ಕುಸಿಯಿತು. ಸಿಮೆಂಟಿನ ಹಿಂದೆ ಸೇರಿದ ನೀರಿನಲ್ಲಿ ಮಣ್ಣು ಕೆಸರಾಗಿತ್ತು. ಬಿದ್ದದ್ದು ಹೊರಗಡೆಗೆ, ಯಾರಿಗೂ ಪೆಟ್ಟಾಗಲಿಲ್ಲ. ನಾವು ರಜ ಹಾಕಿ ಊರಿಗೆ ಹೋದಾಗ ಬಿದ್ದ ಗಾರೆಯ ಹಾಳೆಗಳು ಒಡೆಯದೆ ಗಟ್ಟಿಯಾಗಿ ಅಂಗಳದಲ್ಲಿ ಮಲಗಿದ್ದವು, ಅವು ಕಾಯಬೇಕಾಗಿದ್ದ ಗೋಡೆ ಮಾತ್ರ ಇರಲಿಲ್ಲ. ತಂದೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಊಟ ಮಾಡು ಎಂದರು. ಮರುವರ್ಷ ತೀರಿಕೊಂಡರು. ಸುಣ್ಣದ ರಸಾಯನವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದ ನಮಗೆ ಅದು ನಮ್ಮ ಮನೆಯ ಗೋಡೆಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲ. ಈ ಲೇಖನ ಬರೆಯಲು ನಿಜವಾದ ಕಾರಣ ಇದೇ.

ಉಳಿದ ಮೂರು ಗೋಡೆಗಳ ಬಗ್ಗೆ ಕಳೆದ ತಿಂಗಳು ತಮ್ಮನೊಡನೆ ದೂರವಾಣಿಯಲ್ಲಿ ಮಾತಾಯಿತು. "ಅಣ್ಣಾ, ಈಗ ತಟ್ಟಿ ಹೆಣೆಯುವವರು ಎಲ್ಲಿದ್ದಾರೆ? ಸುತ್ತ ತಗಡಿನ ಶೀಟು ಹೊಡೆಸಿಬಿಡೋಣ" ಎಂದ. ಅವನ ಮಾತಿನಲ್ಲೂ ಹುರುಳಿದೆ. ಊರಿನಲ್ಲಿರುವವನು ಅವನು, ಕಷ್ಟವೂ ಅವನದೇ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಬೇಸಿಗೆಯಲ್ಲಿ ಸಿಮೆಂಟನ್ನು ಎಚ್ಚರದಿಂದ ಕಳಚಿಸಿ, ಗೋಡೆಯನ್ನು ಒಣಗಲು ಬಿಟ್ಟು, ಮಣ್ಣಿನ ಗಿಲಾವು ಮಾಡಿಸಿ ಮೇಲೆ ಸುಣ್ಣ ಬಳಿಸುವುದು. ತಗಡನ್ನು ಗೋಡೆಗೆ ಹೊಡೆಯದೆ ಸೂರನ್ನು ಮೂರಡಿ ಮುಂದಕ್ಕೆ ಚಾಚಿ ಇರಿಚಲು ತಡೆಯುವುದು. ಗೋಡೆಗೂ ತಗಡಿಗೂ ನಡುವೆ ಗಾಳಿ ಆಡಬೇಕು, ಅಷ್ಟೇ ನಮ್ಮ ಷರತ್ತು. ಕೆಲಸ ನಡೆಯುವಾಗ ಹದಿನೈದು ದಿನ ರಜ ಹಾಕಿ ಹೋಗಿ ನಿಲ್ಲುತ್ತೇವೆಂದು ಮಾತು ಕೊಟ್ಟಿದ್ದೇವೆ.

ನಮ್ಮ ಓದುಗರಲ್ಲಿ ಬಹುಮಂದಿಗೆ ಊರಿನಲ್ಲೊಂದು ಹಳೆಯ ಮನೆ ಇದ್ದೇ ಇದೆ, ಹಣ ಕಳಿಸುವ ಕೈಯೂ ಇದೆ. ಅವರಲ್ಲಿ ಒಂದೇ ಒಂದು ವಿನಂತಿ. ಹಣ ಕಳಿಸುವ ಮುನ್ನ ಗೋಡೆ ಯಾವುದರಿಂದ ಆದದ್ದೆಂದು ಕೇಳಿ. ಅದಕ್ಕೆ ಹಿಂದೆ ಏನು ಬಳಿಯುತ್ತಿದ್ದರು, ಯಾವ ತಿಂಗಳಿನಲ್ಲಿ, ಎಷ್ಟು ದಿನ ಕೊಳೆಹಾಕಿ ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ಅವರು ಒಂದು ಸಲ ಕೇಳಿ ಸುಮ್ಮನಾದ ಪ್ರಶ್ನೆಯನ್ನು ನೀವು ಎರಡನೆಯ ಸಲ ಕೇಳಿ.